ಕರೆಯದೆ ತವರಿಗೆ ಹೋದ ಸೈಕಲ್ಲು

ನನಗೆ ಸೈಕಲ್ಲು ಕೊಡಿಸಿದವನು ಅಪ್ಪ. ಅದಕ್ಕಾಗಿ ಊರವರ ಬಾಯಿಗೆ ಬಿದ್ದವನೂ ಅವನೇ. ಶಿಕಾರಿಪುರದಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ನನಗೆ ಪ್ರೈಮರಿ ಶಾಲೆಯ ಟೀಚರ್ ಕೆಲಸ ಸಿಕ್ಕಿತ್ತು. "ನಡದು ನಡದು ಕಾಲು ಸವಿತಾವು, ಆಮೇಲೆ ಗಂಡು ಯಾರು ಒಪ್ತಾರೆ" ಅಂತ ಅಪ್ಪ ಶಿವಮೊಗ್ಗದಿಂದ ಲೇಡೀಸ್ ಸೈಕಲ್ಲು ತರಿಸಿದ. ಕನ್ನಡ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಎರಡು ವರ್ಷ ಆಗಿತ್ತಷ್ಟೆ. ನಮ್ಮ ಪೇಟೆ ಬೀದಿಯಲ್ಲಿ ಸೀರೆಯುಟ್ಟವಳು ಸೈಕಲ್ ತುಳಿದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅಪ್ಪನ ಬಟ್ಟೆ ಅಂಗಡಿಗೆ ಬಂದವರು ಸೀರೆ ನೋಡುವುದು ಬಿಟ್ಟು, "ಏನ್ರೀ ಸಾವ್ಕಾರ್ರೆ, ಮಗಳನ್ನ ಸರ್ಕಸ್ಸಿಗೆ ಸೇರ್ಸಿದ್ರಂತೆ?" ಅನ್ನುತ್ತಿದ್ದರು. ಅಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಬಟ್ಟೆ ತಗೊಳ್ಳಾಕೆ ಬಂದಿದ್ರೆ ತಗೊಳ್ರಿ, ಇಲ್ಲಾಂದ್ರೆ ಬಾಗಿಲು ಅಲ್ಲೈತಿ" ಅನ್ನುತ್ತಿದ್ದ. ಆ ಸಿಟ್ಟು ನನಗೂ ಇಳಿದು ಬಂದಿದೆ, ಸುಳ್ಳು ಯಾಕೆ ಹೇಳಲಿ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ವಯಸ್ಸಿನಲ್ಲಿ ನನ್ನ ಸರೀಕಳು. ಆನವಟ್ಟಿಯಿಂದ ಇನ್ನೂ ಒಂದು ಹರದಾರಿ ಆಚೆ, ವರದಾ ಹೊಳೆಯ ಬಯಲಲ್ಲಿ ಅವಳ ತವರು. ಒಕ್ಕಲುತನದ ಮನೆಯವಳು, ಗಟ್ಟಿ ಕಾಲಿನವಳು. ಅವಳಿಗೂ ಸೈಕಲ್ಲು ಕಲಿಸಲು ಶಾಲೆಯ ಮೈದಾನದಲ್ಲಿ ಎರಡು ಭಾನುವಾರ ಕ್ಯಾರಿಯರ್ ಹಿಡಿದು ಹಿಂದೆ ಓಡಿದೆ. ಮೂರನೆಯ ಭಾನುವಾರ ನನ್ನನ್ನೇ ಹಿಂದೆ ಕೂರಿಸಿಕೊಂಡು ತುಳಿದಳು. "ಟೀಚರಮ್ಮಾ, ಗಟ್ಟಿಯಾಗಿ ಹಿಡ್ಕೊ, ಬಿದ್ರೆ ನಾನು ಜವಾಬ್ದಾರಿ ಅಲ್ಲ" ಅಂತ ಕಿರುಚುತ್ತಿದ್ದಳು. ನಾದಿನಿ ಅತ್ತಿಗೆ ಅಂದರೆ ಹಾವು ಮುಂಗುಸಿ ಅನ್ನುವವರು ನಮ್ಮಿಬ್ಬರನ್ನು ಒಂದು ದಿನ ನೋಡಬೇಕಿತ್ತು.

ಆದರೆ ಎರಡು ವರ್ಷದಿಂದ ಅವಳು ತವರಿನ ಮುಖ ಕಂಡಿರಲಿಲ್ಲ. ನಮ್ಮಲ್ಲಿ ಮದುವೆಯಾದ ಮಗಳು ತಾನಾಗಿ ತವರಿಗೆ ಹೋಗುವ ಹಾಗಿಲ್ಲ. ಅಪ್ಪನೋ ಅಣ್ಣನೋ ಗಂಡನ ಮನೆಯ ಹೊಸ್ತಿಲಿಗೆ ಬಂದು ಕರೆಯಬೇಕು, ಮಾವ ಹೂಂ ಅನ್ನಬೇಕು, ಆಮೇಲೆ ಹೊರಡಬೇಕು. ಕರೆಯದೆ ಬಂದವಳನ್ನು ಕಂಡರೆ, ಗಂಡನ ಮನೆಯವರು ಓಡಿಸಿದರೋ ಏನೋ ಅಂತ ಊರು ಬಾಯಿಗೆ ಬಂದದ್ದು ಆಡುತ್ತದೆ. ಅತ್ತಿಗೆಗೆ ಅಣ್ಣತಮ್ಮಂದಿರಿಲ್ಲ. ಎರಡು ವರ್ಷದ ಹಿಂದೆ ನಾಗರಪಂಚಮಿಗೆ ಅವಳ ಅಪ್ಪನೇ ಕರೆಯಲು ಬಂದಿದ್ದರು. ಅಂಗಡಿಯಲ್ಲಿ ಹಬ್ಬದ ಗಿರಾಕಿ ಕಿಕ್ಕಿರಿದಿತ್ತು. ಅಪ್ಪ ಅಳತೆಗೋಲು ಹಿಡಿದುಕೊಂಡೇ "ಬರ್ರಿ ಬೀಗ್ರೇ, ಕೂಡ್ರಿ" ಅಂದವನು ಮರೆತೇಬಿಟ್ಟ. ಅಂಗಡಿಯ ಹಿಂದಿನ ಮನೆಯಲ್ಲಿದ್ದ ನಮಗೆ ಯಾರೂ ಹೇಳಲಿಲ್ಲ. ಬಟ್ಟೆ ಗಂಟುಗಳ ನಡುವೆ ಮಧ್ಯಾಹ್ನದವರೆಗೂ ಕೂತು ಆ ಹಿರಿಯರು ಎದ್ದು ಹೋದರು. ಮರುವರ್ಷ ಬರಲಿಲ್ಲ. "ಕಳಿಸಲ್ಲ ಅಂದ್ನೇನು ನಾನು? ಕರಿಯಾಕೆ ಬರ್ಲಿ" ಅಂತ ಅಪ್ಪ. "ಕರಿಯಾಕೆ ಹೋಗಿ ಆತು, ಇನ್ನ ಅವರೇ ಕಳಿಸ್ಲಿ" ಅಂತ ಅವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಬೀಗರಿಬ್ಬರ ಹಠದಲ್ಲಿ ಅತ್ತಿಗೆ ಬಡವಾದಳು. ನನ್ನ ಅಣ್ಣನೋ, ಅಪ್ಪನ ಎದುರು ಬಾಯಿ ಬಿಡುವ ಪೈಕಿಯೇ ಅಲ್ಲ.

ಸುಗ್ಗಿ ಮುಗಿದ ಕಾಲದಲ್ಲಿ ಅವಳ ಊರಿನ ಹೆಂಗಸೊಬ್ಬಳು ಅಂಗಡಿಗೆ ಬಂದವಳು ಹೇಳಿದಳು: "ನಿಮ್ಮವ್ವನ ಕಣ್ಣಿಗೆ ಪೊರೆ ಬರ್ತಾ ಐತಂತೆ ಕಣವ್ವ. ದೂರದ್ದೆಲ್ಲ ಮಂಜು ಮಂಜು ಅಂತಾಳೆ." ಅತ್ತಿಗೆ ಆ ದಿನ ಊಟ ಬಿಟ್ಟಳು. ಮಾರನೆಯ ದಿನ ಒಗೆಯುವ ಕಲ್ಲಿನ ಹತ್ತಿರ ನನಗೆ ಒಂದೇ ಮಾತು ಹೇಳಿದಳು. "ಆಕಿ ಕಣ್ಣು ಇರೋದ್ರಾಗೆ ನನ್ನ ಮುಖ ಒಂದ್ಸಲ ನೋಡ್ಲಿ. ಅಷ್ಟೇ ಸಾಕು."

ನನಗೆ ಮೈಯೆಲ್ಲ ಉರಿಯಿತು. ಇಬ್ಬರು ಮುದುಕರ ಮೀಸೆಗೋಸ್ಕರ ಒಬ್ಬ ತಾಯಿ ಮಗಳನ್ನು ನೋಡಬಾರದೇ? "ಊರೊಳಗೆ ಹೋಗಾದು ಬ್ಯಾಡ. ಹೊಳಿ ದಂಡಿಗೆ ಹೋಗಾಣ. ಹೊಳಿ ಏನು ಯಾರಪ್ಪಂದೂ ಅಲ್ಲ" ಅಂದೆ.

ಅಪ್ಪನಿಗೆ ಹೇಳಿದ್ದು ಬೇರೆ. ಮಕ್ಕಳಿಗೆ ಚರಿತ್ರೆ ಪಾಠ ಮಾಡಬೇಕು, ಬಳ್ಳಿಗಾವಿ, ತಾಳಗುಂದ, ಕುಬಟೂರು ಕಣ್ಣಾರೆ ನೋಡಿ ಬರಬೇಕು, ಒಬ್ಬಳೇ ಹೋಗುವುದು ಸರಿಯಲ್ಲ, ಅತ್ತಿಗೆ ಜೊತೆಗಿರಲಿ. "ಬಸ್ಸಿಗೆ ಹೋಗ್ರಿ" ಅಂದ. "ಬಸ್ಸು ಗುಡಿ ಗುಡಿಗೂ ನಿಲ್ತೈತೇನಪ್ಪ? ದೇಶ ಸುತ್ತು ಕೋಶ ಓದು ಅಂತ ನೀನೇ ಹೇಳ್ತೀಯಲ್ಲ" ಅಂದೆ. ತಾನು ಹೇಳಿದ ಗಾದೆಗೆ ತಾನೇ ಸಿಕ್ಕಿಬಿದ್ದು ಅಪ್ಪ ಹೂಂ ಅಂದ. ಸುಳ್ಳು ಅನ್ನುವ ಹಾಗೂ ಇರಲಿಲ್ಲ. ಗುಡಿಗಳನ್ನು ನೋಡಿದ್ದಂತೂ ನಿಜ.

ಬೆಳಿಗ್ಗೆ ಹೊರಟೆವು. ಹ್ಯಾಂಡಲ್ಲಿಗೆ ರೊಟ್ಟಿ ಚಟ್ನಿಪುಡಿಯ ಗಂಟು, ಕ್ಯಾರಿಯರ್ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಅತ್ತಿಗೆ. ಅತ್ತಿಗೆಯ ಸೀರೆಗಳೆಲ್ಲ ಭಾರದವು, ಚೈನಿಗೆ ಸಿಕ್ಕುತ್ತವೆ ಅಂತ ನನ್ನ ಶಾಲೆಯ ಬಿಳಿ ವಾಯಿಲ್ ಸೀರೆಯನ್ನು ಅವಳಿಗೂ ಉಡಿಸಿದ್ದೆ. ಸಪಾಟು ರಸ್ತೆಯಲ್ಲಿ ಒಂದು ಮೈಲಿ ನಾನು, ಒಂದು ಮೈಲಿ ಅವಳು. ಏರು ಬಂದರೆ ಇಬ್ಬರೂ ಇಳಿದು ನೂಕುವುದು. ಇಳಿಜಾರಿನಲ್ಲಿ ಇಬ್ಬರೂ ಹತ್ತಿ ಶಿವಾ ಅನ್ನುವುದು. ರಸ್ತೆಯೆಲ್ಲ ಜಲ್ಲಿ, ಕೆಂಪು ಧೂಳು. ಎದುರಿಗೆ ಬಂದ ಹುಲ್ಲಿನ ಗಾಡಿಯ ಎತ್ತುಗಳು ನಮ್ಮನ್ನು ಕಂಡು ಬೆದರಿ ಗಾಡಿಯನ್ನು ಗದ್ದೆಗೇ ಇಳಿಸಿಬಿಟ್ಟವು. ಗಾಡಿಯವನು ಬಯ್ಯಲು ಬಾಯಿ ತೆರೆದವನು, ಸೈಕಲ್ಲಿನ ಮೇಲೆ ಇಬ್ಬರು ಹೆಂಗಸರನ್ನು ಕಂಡು ಹಾಗೇ ಬಾಯಿ ತೆರೆದುಕೊಂಡು ಉಳಿದ. ಕಬ್ಬಿನ ಗದ್ದೆಯಲ್ಲಿದ್ದ ಹೆಣ್ಣಾಳುಗಳು ಮಾತ್ರ ನಕ್ಕು ಕೂಗಿದರು: "ಅಕ್ಕಾರೇ, ನಮ್ಮನ್ನೂ ಹತ್ತಿಸ್ಕೊಳ್ರೀ!"

ಶಿರಾಳಕೊಪ್ಪ ದಾಟಿ ಬಳ್ಳಿಗಾವಿ ಸೇರುವಾಗ ಮಧ್ಯಾಹ್ನ. ಗುಡಿಯ ಕಲ್ಲು ಚಪ್ಪಡಿಯ ಮೇಲೆ ಯಾರೋ ಭತ್ತ ಒಣಗಿಸಿದ್ದರು. ಕೋಳಿ ಓಡಿಸುತ್ತ ಕೂತಿದ್ದ ಅಜ್ಜ ನಾನು ಶಿಲ್ಪಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುವುದನ್ನು ನೋಡಿ ಕನಿಕರಪಟ್ಟ. "ಇಂಥವು ನಮ್ಮ ಕೊಟ್ಟಿಗ್ಯಾಗೆ ಇನ್ನೂ ನಾಕು ಬಿದ್ದಾವೆ, ನೋಡ್ತೀರೇನ್ರೀ?" ಅಂದ. ಹೋಗಿ ನೋಡಿದೆವು. ನಿಜವಾಗಿಯೂ ನಾಲ್ಕು ವೀರಗಲ್ಲು. ಒಂದಕ್ಕೆ ಎಮ್ಮೆ ಕಟ್ಟಿದ್ದ. ಕತ್ತಿ ಹಿಡಿದ ವೀರನ ಮೇಲೆ ಎಮ್ಮೆ ಬೆನ್ನು ತಿಕ್ಕಿ ತಿಕ್ಕಿ ಅವನ ಮೂಗು ನುಣ್ಣಗಾಗಿತ್ತು. "ಎಂಥಾ ಶೂರ ಇದ್ನೋ ಏನೋ, ಈಗ ನಮ್ಮೆಮ್ಮೆಗೆ ಹೆದರ್ತಾನೆ" ಅಂತ ಅಜ್ಜ ನಕ್ಕ. ಅತ್ತಿಗೆ ಗುಡಿಯ ಗೋಡೆಯ ಮೇಲೆ ಕುಣಿಯುತ್ತಿದ್ದ ಕಲ್ಲಿನ ಹೆಣ್ಣೊಬ್ಬಳನ್ನು ಬಹಳ ಹೊತ್ತು ನೋಡಿದಳು. "ಪಾಪ, ಈಕಿನ್ನೂ ಯಾರೂ ಕರಿಯಾಕೆ ಬಂದಿಲ್ಲ ನೋಡು, ಎಷ್ಟು ನೂರು ವರ್ಷ ಆತೋ" ಅಂದಳು. ನಾನು ನಕ್ಕೆ. ಅವಳೂ ನಕ್ಕಳು, ಆದರೆ ಸ್ವಲ್ಪವೇ.

ಆ ದಿನ ಬಳ್ಳಿಗಾವಿಯಲ್ಲೇ ನನ್ನ ಅವ್ವನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಬೆಳಕು ಹರಿಯುವಾಗ ಎದ್ದು ತಾಳಗುಂದದ ಕಲ್ಲಿನ ಕಂಬಕ್ಕೊಂದು ಸುತ್ತು ಹಾಕಿ ಆನವಟ್ಟಿ ದಾರಿ ಹಿಡಿದೆವು. ಎರಡೂ ಕಡೆ ಕೊಯ್ಲಾದ ಗದ್ದೆ, ಕೆರೆ, ಮತ್ತೆ ಗದ್ದೆ. ಕುಬಟೂರಿನ ಗುಡಿಯೊಳಗೆ ಕಂಬಗಳು ಕನ್ನಡಿಯ ಹಾಗೆ ಮಿಂಚುತ್ತಿದ್ದವು. ಅತ್ತಿಗೆ ಒಂದು ಕಂಬದ ಮುಂದೆ ನಿಂತು ಬೈತಲೆ ಸರಿಮಾಡಿಕೊಂಡಳು. ಅವ್ವನಿಗೆ ಚೆಂದ ಕಾಣಬೇಕಲ್ಲ. ಅಲ್ಲಿಂದ ಮುಂದೆ ಅವಳೇ ತುಳಿದಳು. ನನಗೆ ಒಂದು ಮೈಲಿಯನ್ನೂ ಬಿಟ್ಟುಕೊಡಲಿಲ್ಲ. ಊರು ಹತ್ತಿರ ಬಂದ ಹಾಗೆ ಒಂದೊಂದು ಮರಕ್ಕೂ ಒಂದೊಂದು ಕತೆ ಹೇಳಿದಳು. ಇಲ್ಲಿ ಬಿದ್ದು ಕೈ ಮುರಿದದ್ದು, ಅಲ್ಲಿ ಹುಣಸೆ ಕದ್ದದ್ದು. ಹೊಳೆಯ ದಂಡೆ ಕಂಡದ್ದೇ ಸೈಕಲ್ಲಿನಿಂದ ಇಳಿದಳು.

ಅವಳಿಗೆ ಗೊತ್ತಿತ್ತು. ಗದ್ದೆಯಲ್ಲಿರುವ ಗಂಡನಿಗೆ ಬುತ್ತಿ ಒಯ್ಯುವಾಗ ಅವಳವ್ವ ದಾರಿಯಲ್ಲಿ ಹೊಳೆಗಿಳಿದು ಎರಡು ಬಟ್ಟೆ ಒಗೆದು ಹೋಗುವುದು ವಾಡಿಕೆ. ಹಾಗೆಯೇ ಆಯಿತು. ಬುತ್ತಿಯ ಗಂಟನ್ನು ಕಲ್ಲಿನ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ ಒಬ್ಬ ಹೆಂಗಸು ನೀರಿನಂಚಿನಲ್ಲಿ ಬಟ್ಟೆ ಕುಕ್ಕುತ್ತಿದ್ದಳು. ಅತ್ತಿಗೆ ಸೈಕಲ್ಲು ಹಿಡಿದುಕೊಂಡೇ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ನಿಂತೇ ಇದ್ದಳು. ನೆರಳು ಕಂಡೋ ಏನೋ ತಾಯಿ ತಲೆಯೆತ್ತಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರ್ರೀ ಅಮ್ಮಾರೂ? ದಾರಿ ತಪ್ಪಿತೇನ್ರೀ?"

ಹೆತ್ತವಳು ಮಗಳಿಗೆ ಹಾಗೆ ಬಹುವಚನ ಹಚ್ಚಿ ಮಾತಾಡಿದಳು. ಅತ್ತಿಗೆಯ ಕೈಯಿಂದ ಸೈಕಲ್ಲು ಜಾರಿ ದಡದ ಮೇಲೆ ಬಿತ್ತು. "ಅವ್ವಾ" ಅಂದಳು. ಆ ದನಿ ಕೇಳಿದ್ದೇ ತಾಯಿ ನೀರು ಚೆಲ್ಲುತ್ತ ಓಡಿ ಬಂದು, ಒದ್ದೆ ಕೈಯಲ್ಲಿ ಮಗಳ ಕೆನ್ನೆ, ಮೂಗು, ಕಿವಿ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಒಂದು ಗೇಣು ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ ದಿಟ್ಟಿಸಿದಳು. ಆಮೇಲೆ ಬೆನ್ನಿಗೊಂದು ಗುದ್ದಿದಳು. "ಕರೀದೆ ಬರಾಕೆ ನಾಚ್ಕೆ ಆಗಲ್ವೇನೇ ನಿಂಗೆ! ಬಿಳೀ ಸೀರೆ ಬ್ಯಾರೆ ಉಟ್ಕಂಡಿದೀಯ, ನಾ ಯಾರೋ ಸರ್ಕಾರದೋರು ಅಂದ್ಕಂಡೆ" ಅಂತ ಬಯ್ಯುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ನಾನೂ ಅತ್ತೆ. ನನಗೇನು ಅಳುವ ಕಾರಣವಿತ್ತೋ, ಮೂವರಲ್ಲಿ ನನ್ನದೇ ಜೋರು.

ಮನೆಗೆ ಬಾ ಅಂತ ಮಾತ್ರ ಆ ತಾಯಿ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ. ಅದರ ಬದಲು ಬುತ್ತಿ ಬಿಚ್ಚಿದಳು. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ನಾಲ್ಕು ಗಂಟೆ ಸೈಕಲ್ ತುಳಿದ ಹೊಟ್ಟೆಗಳು. ಮುಂದೆ ಹಿಂದೆ ನೋಡದೆ ತಿಂದೆವು. ಕೊನೆಯ ರೊಟ್ಟಿಯನ್ನು ಅತ್ತಿಗೆ ನನಗೆ ಅರ್ಧ ಮುರಿದು ಕೊಡುವಾಗ ಬದುವಿನ ಮೇಲೆ ಅವಳ ಅಪ್ಪ ಪ್ರತ್ಯಕ್ಷರಾದರು. ಬುತ್ತಿ ಬರಲಿಲ್ಲವೆಂದು ಹಸಿದು ಹುಡುಕಿಕೊಂಡು ಬಂದವರು.

ಎರಡು ವರ್ಷದ ಮೇಲೆ ಕಂಡ ಮಗಳು, ಬಾಯಲ್ಲಿ ರೊಟ್ಟಿ. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಹಾದುಹೋಯಿತು. ಆಮೇಲೆ ಬಿಗಿದುಕೊಂಡರು. ಮಗಳ ಕಡೆ ನೋಡದೆ ಹೊಳೆಯ ಕಡೆ ತಿರುಗಿ ಹೇಳಿದರು: "ಕರೀದೆ ಬಂದೋರನ್ನ ಒಳಗೆ ಕರಿಯಾ ಪದ್ಧತಿ ನಮ್ಮನ್ಯಾಗಿಲ್ಲ. ನಾ ಯಾರನ್ನೂ ನೋಡಿಲ್ಲ."

"ಮಾವಾರೇ, ಹತ್ತು ಹೆಜ್ಜೆ ದೂರದಾಗೆ ಮಗಳು ನಿಂತ್ರೆ ಈ ತಾಯಿಗೆ ಗುರ್ತು ಹತ್ತಲಿಲ್ಲ. ನಿಮಗೆ ಪದ್ಧತಿ ದೊಡ್ಡದಾತೇ?" ಅಂದುಬಿಟ್ಟೆ. ಹಿರಿಯರೊಂದಿಗೆ ಹಾಗೆ ಮಾತಾಡಬಾರದಿತ್ತು, ಆದರೆ ಆಡಿದೆ. ಅವರು ನಿಂತರು. ಹೆಂಡತಿಯ ಕಡೆ ತಿರುಗಿ, "ಗುರ್ತು ಹತ್ತಲಿಲ್ವಾ?" ಅಂತ ಮೆಲ್ಲಗೆ ಕೇಳಿದರು. ಅವಳು ತಲೆ ತಗ್ಗಿಸಿದಳು. ಅವರು ಬದುವಿನ ಮೇಲೆ ಹೊರಟುಹೋದರು.

ನಾವು ಬಳ್ಳಿಗಾವಿಗೆ ಹಿಂದಿರುಗಿದೆವು. ದಾರಿಯುದ್ದಕ್ಕೂ ನಾನು ಆ ಮುದುಕರನ್ನು ಬೈದೆ, ಅತ್ತಿಗೆ ಸೈಕಲ್ಲು ತುಳಿದಳು. "ಸಾಕು ಬಿಡು. ಅವ್ವ ಹತ್ರದಿಂದ ನೋಡಿದ್ಲಲ್ಲ" ಅಂದಳು ಕೊನೆಗೆ. ಸಾಕಾಗಿರಲಿಲ್ಲ ಅಂತ ಅವಳ ಮುಖವೇ ಹೇಳುತ್ತಿತ್ತು.

ಮಾರನೆಯ ಬೆಳಿಗ್ಗೆ ಶಿರಾಳಕೊಪ್ಪದಿಂದ ಸ್ವಲ್ಪ ಈಚೆಗೆ ಬಂದಿದ್ದೆವು. ಕ್ಯಾರಿಯರ್ ಮೇಲೆ ಕೂತಿದ್ದ ಅತ್ತಿಗೆ ನನ್ನ ಬೆನ್ನು ಚಿವುಟಿದಳು. "ಟೀಚರಮ್ಮಾ, ಹಿಂದೆ ನೋಡು." ನೋಡಿದೆ. ಒಂದು ಫರ್ಲಾಂಗು ಹಿಂದೆ, ಹಳೇ ಸೈಕಲ್ಲಿನ ಮೇಲೆ, ಕಚ್ಚೆ ಬಿಗಿದು, ತಲೆಗೆ ರುಮಾಲು ಸುತ್ತಿ ಅವಳ ಅಪ್ಪ! ಕೋಳಿ ಕೂಗುವ ಮುಂಚೆಯೇ ಮನೆ ಬಿಟ್ಟಿರಬೇಕು. ನಾವು ನಿಧಾನಿಸಿದೆವು. ಅವರೂ ನಿಧಾನಿಸಿದರು. ನಾವು ನಿಂತೆವು. ಅವರು ಇಳಿದು ಒಂದು ಮರದ ಕೆಳಗೆ ಕೂತು ಎಲೆಯಡಿಕೆ ತೆಗೆದರು. ನಾವು ಹೊರಟೆವು. ಅವರೂ ಹೊರಟರು.

ಅತ್ತಿಗೆಗೆ ಮೊದಲು ಹೊಳೆಯಿತು. "ನಮ್ಮಪ್ಪ ಕರಿಯಾಕೆ ಹೊಂಟಾನೆ ಕಣೇ!" ಅಂತ ಕ್ಯಾರಿಯರ್ ಮೇಲೆ ಕುಣಿದಾಡಿದಳು, ಸೈಕಲ್ಲು ಓಲಾಡಿತು. ಹೊಸ್ತಿಲಲ್ಲಿ ನಿಂತು ಕರೆಯಬೇಕಾದರೆ ಮಗಳು ಹೊಸ್ತಿಲ ಒಳಗಿರಬೇಕು. ಆದ್ದರಿಂದ ಅವರು ನಮಗಿಂತ ಮುಂಚೆ ಮುಟ್ಟುವಂತಿಲ್ಲ. ಕರೆಯುವ ತನಕ ದಾರಿಯಲ್ಲಿ ಮಾತಾಡಿಸುವಂತೆಯೂ ಇಲ್ಲ. ಅವರ ಪಾಲಿಗೆ ಮಗಳು ಶಿಕಾರಿಪುರದ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಳೆ. ಮುಂದೆ ಸೈಕಲ್ ಮೇಲೆ ಹೋಗುತ್ತಿರುವವರು ಯಾರೋ ಇಬ್ಬರು ಹೆಂಗಸರು. ಎಂಥ ಮನುಷ್ಯರಪ್ಪ! ಸಿಟ್ಟು ಬಂತೋ ನಗು ಬಂತೋ ನನಗೆ ತಿಳಿಯಲಿಲ್ಲ. ನಗುವೇ ಗೆದ್ದಿತು.

ಎರಡು ಮೈಲಿ ಹೋಗಿರಲಿಲ್ಲ, ನಮ್ಮ ಹಿಂದಿನ ಚಕ್ರ ಠುಸ್ ಅಂದಿತು. ರಸ್ತೆ ಪಕ್ಕ ಸೈಕಲ್ಲು ಮಲಗಿಸಿ ಕೂತೆವು. ಪಂಚರ್ ಹಾಕುವುದು ನನಗೆ ಗೊತ್ತಿರಲಿಲ್ಲ. ಅವರು ಮರದ ಕೆಳಗೆ ಕೂತು ಕಾದರು, ಕಾದರು. ಕಡೆಗೆ ಎದ್ದು ಬಂದರು. ನಮ್ಮಿಬ್ಬರನ್ನೂ ನೋಡದೆ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಟೈರು ಬಿಚ್ಚಿದರು. ಟ್ಯೂಬಿಗೇ ಹೇಳಿದರು: "ಇಬ್ಬರು ಕೂಡ್ರೋ ಗಾಡಿಗೆ ಇಷ್ಟೇ ಗಾಳಿ ಹಾಕಿದ್ರೆ ಪಾಪ, ನೀನರೆ ಏನ್ ಮಾಡ್ತೀಯ?"

ಅತ್ತಿಗೆ ಎದುರಿನ ಹೊಂಗೆ ಮರವನ್ನು ಕೇಳಿದಳು: "ಇಷ್ಟು ದೂರ ಬಂದೋರು ಏನಾರ ತಿಂದಾರೋ ಇಲ್ವೋ?"

"ನಿನ್ನೆ ಬುತ್ತಿ ಯಾರೋ ತಿಂದ್ರು" ಅಂತ ಅವರು ಟ್ಯೂಬಿಗೆ ಸಲೂಷನ್ ಹಚ್ಚುತ್ತ ಹೇಳಿದರು. "ಇವತ್ತು ಹೊಟ್ಟಿ ತುಂಬಿಸ್ಕಂಡೇ ಬಂದೀನಿ."

"ಮೊಣಕಾಲು ನೋವು ಹೆಂಗೈತೆ ಅಂತ ಕೇಳು" ಅಂದಳು ಮರಕ್ಕೆ.

"ನೋವಿದ್ರೆ ಇಲ್ಲೀಗಂಟ ಬರ್ತಿದ್ನಾ" ಅಂದರು ಟ್ಯೂಬಿಗೆ. ಏಳುವಾಗ ಮಾತ್ರ ನೆಲಕ್ಕೆ ಕೈಯೂರಿ "ಶಿವಶಿವಾ" ಅಂತ ಎದ್ದರು. ಅತ್ತಿಗೆ ಹಿಡಿದುಕೊಳ್ಳಲು ಕೈ ಚಾಚಿದವಳು ಹಾಗೇ ಹಿಂದೆಗೆದುಕೊಂಡಳು. ನಾನು ಸೆರಗು ಬಾಯಿಗಿಟ್ಟುಕೊಂಡು ಆಚೆ ತಿರುಗಿದೆ.

ಮಧ್ಯಾಹ್ನ ಮನೆ ಮುಟ್ಟಿದೆವು. ಅತ್ತಿಗೆ ಹಿತ್ತಿಲ ಬಾಗಿಲಿಂದ ನುಗ್ಗಿ, ಮುಖ ತೊಳೆದು, ನೂಲಿನ ಸೀರೆ ಉಟ್ಟು, ನಿಜಕ್ಕೂ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಳು. ಅರ್ಧ ಗಂಟೆ ಬಿಟ್ಟು ಮುಂಬಾಗಿಲಲ್ಲಿ ಕೆಮ್ಮು ಕೇಳಿಸಿತು.

ನಮ್ಮ ಮನೆಯ ಮುಂಭಾಗವೇ ಅಂಗಡಿ. ಗಿರಾಕಿ ಇರಲಿಲ್ಲ. ಬೀಗರನ್ನು ಕಂಡು ಅಪ್ಪ ಎದ್ದ ರಭಸಕ್ಕೆ ಅಳತೆಗೋಲು ಉರುಳಿತು. "ಬರ್ರಿ ಬರ್ರಿ, ಒಳಗೆ ಬರ್ರಿ" ಅಂತ ಕೈ ಹಿಡಿದೇ ಪಡಸಾಲೆಗೆ ಕರೆತಂದ. ನೀರು ಬಂತು, ಬೆಲ್ಲ ಬಂತು. ಇಬ್ಬರೂ ಎದುರುಬದುರು ಕೂತು ಗೋಡೆ ನೋಡಿದರು. ಎರಡು ವರ್ಷದ ಹಠ ಒಂದು ಲೋಟ ನೀರಿನಲ್ಲಿ ಇಳಿಯುತ್ತದೆಯೇ? ಮಳೆ ಮಾತಾಯಿತು, ಭತ್ತದ ಮಾತಾಯಿತು. ಕರೆಯುವ ಮಾತು ಮಾತ್ರ ಅವರ ಬಾಯಿಂದ ಹೊರಡದು. ತಾನಾಗಿ ಕೇಳುವ ಬುದ್ಧಿ ಅಪ್ಪನಿಗೂ ಬಾರದು. ಅತ್ತಿಗೆ ಅಕ್ಕಿಯನ್ನು ಆರಿಸಿದ್ದನ್ನೇ ಆರಿಸುತ್ತಿದ್ದಳು. ತಡೆಯಲಾರದೆ ನಮ್ಮವ್ವನೇ ಬಾಗಿಲ ಮರೆಯಿಂದ ಕೇಳಿದಳು. "ಬೀಗತಿ ಹೆಂಗದಾರ್ರೀ? ಕಣ್ಣು ಮಂಜಂತೆ?"

"ಏನಂತ ಹೇಳ್ಲಿ ತಾಯಿ" ಅಂದರು. "ನಿನ್ನೆ ಹೊಳಿ ದಂಡ್ಯಾಗೆ ಹೆತ್ತ ಮಗಳು ಹತ್ತು ಹೆಜ್ಜಿ ದೂರದಾಗೆ ನಿಂತ್ರೆ, ಯಾರ್ರೀ ಅಮ್ಮಾರು ಅಂದ್ಲಂತೆ."

ಹೇಳಿದ ಮೇಲೆ ತಾನು ಏನು ಹೇಳಿದೆ ಅಂತ ಅವರಿಗೆ ಗೊತ್ತಾಯಿತು. ಇಪ್ಪತ್ತೆಂಟು ಮೈಲಿ, ಒಂದು ಫರ್ಲಾಂಗು ಬಿಟ್ಟು, ಮರದ ಕೆಳಗೆ ಕೂತು, ಟ್ಯೂಬಿನ ಜೊತೆ ಮಾತಾಡಿ ಕಾಪಾಡಿಕೊಂಡು ಬಂದ ಗುಟ್ಟು! ಅವರ ಮುಖ ಕಪ್ಪಿಟ್ಟಿತು. ಸೊಸೆ ಕರೆಯದೆ ತವರಿಗೆ ಹೋದಳು, ಮಗಳು ಸುಳ್ಳು ಹೇಳಿ ಕರೆದೊಯ್ದಳು. ಇನ್ನು ಅಪ್ಪನ ಬಾಯಿಂದ ಗುಡುಗು ಬಂತೆಂದು ಕಣ್ಣು ಮುಚ್ಚಿಕೊಂಡೆ.

ಗುಡುಗು ಬರಲಿಲ್ಲ. ಕಣ್ಣು ಬಿಟ್ಟೆ. ಅಪ್ಪ ಅತ್ತಿಗೆಯನ್ನು ನೋಡುತ್ತಿದ್ದ. ಬಿಸಿಲಿಗೆ ಅವಳ ಮೂಗಿನ ಸಿಪ್ಪೆ ಎದ್ದಿತ್ತು.

"ಯಾರ್ರೀ ಅಂದ್ರಾ?" ಅಂತ ಕೇಳಿದ. ಅವನ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಕೇಳಿರಲಿಲ್ಲ.

"ಹೂಂ" ಅಂದರು ಅವರು.

ಅಪ್ಪ ರೂಢಿಯ ಮಾತು ಕೇಳಿದ. "ಎಷ್ಟು ದಿನಕ್ಕೆ ಕರ್ಕೊಂಡು ಹೋಗ್ತೀರಿ ಬೀಗ್ರೇ?"

"ಅವರವ್ವಗೆ ಕಾಣೋವಷ್ಟು ದಿನ."

ಅಪ್ಪ ಎದ್ದು ಅಂಗಡಿಗೆ ಹೋದ. ಸಿಟ್ಟು ಬಂತೆಂದೇ ನಾವು ತಿಳಿದೆವು. ಕಪಾಟಿನಲ್ಲಿ ಗಂಟು ಎಳೆಯುವ, ಸೀರೆ ಕೊಡವುವ ಸದ್ದು. ಬಂದಾಗ ಅವನ ಕೈಯಲ್ಲಿ ಒಂದು ಸೀರೆಯಿತ್ತು. ಕಡುಗೆಂಪು, ಗೇಣಗಲದ ಹಳದಿ ಅಂಚು. ಕಣ್ಣು ಕುಕ್ಕುತ್ತದೆ ಅಂತ ಊರಲ್ಲಿ ಯಾರೂ ಕೊಳ್ಳದೆ ಬಿಟ್ಟದ್ದು. ಅತ್ತಿಗೆಯ ಮಡಿಲಿನ ಮೊರವನ್ನು ಸರಿಸಿ ಅಲ್ಲಿಟ್ಟ.

"ಇದನ್ನ ಉಟ್ಕೊಂಡು ಹೋಗವ್ವ. ಬದುವಿನ ಮೇಲೆ ಬರ್ತಿದ್ದಂಗೇ ನಿಮ್ಮವ್ವಗೆ ಕಾಣ್ಲಿ."